ನಿಂತು ತಿಂದ ಹುರುಳಿಕಾಯಿ

ಕಾರ್ಪಥೋಸ್, ಬೆಟ್ಟದ ಮೇಲಿನ ಮನೆ
ಆಗಸ್ಟ್ ೧೬, ೧೯೬೮. ದೇವಮಾತೆಯ ಹಬ್ಬದ ಮರುದಿನ

ಪ್ರೀತಿಯ ಅಕ್ಕ ರಿಗೊಪೂಲಾಳಿಗೆ, ತಂಗಿ ಸೆವಸ್ತಿ ಎರಡೂ ಕೆನ್ನೆಗೆ ಮುತ್ತಿಟ್ಟು ಬರೆಯುವುದು.

ನಾವು ಇಲ್ಲಿ ಕ್ಷೇಮ ಎಂದು ಮೊದಲು ಬರೆಯುವುದು ವಾಡಿಕೆ. ಬರೆದಿದ್ದೇನೆ ಅಂದುಕೋ. ನೀನು ಈಗ ಪೇಟೆಯ ಬಂದರಿನ ಕಟ್ಟೆಯ ಮೇಲೆ ನಿಂತು, ಮಿಹಾಲಿಸನ ದೋಣಿಯಿಂದ ಫೋತಿನಿ ಇಳಿಯುತ್ತಾಳೆಂದು ಕಾಯುತ್ತಿರುತ್ತೀಯ. ಇಳಿಯುವುದು ಒಂದು ಬುಟ್ಟಿ, ಅದರೊಳಗೆ ಈ ಕಾಗದ. ಗಾಬರಿಯಾಗಬೇಡ, ನಿನ್ನ ಕಿರಿಮಗಳು ಚೆನ್ನಾಗಿದ್ದಾಳೆ. ಅವಳು ಎಲ್ಲಿ ಅಂತ ಆಮೇಲೆ ಹೇಳುತ್ತೇನೆ. ಮೊದಲು ನೀನು ಕೇಳಿದ್ದನ್ನು ಕೊಟ್ಟುಬಿಡುತ್ತೇನೆ. ನೀನು ಕೇಳುವುದು, ನಾನು ಕೊಡುವುದು, ಇಬ್ಬರಿಗೂ ಹಳೆಯ ಅಭ್ಯಾಸ.

ನೀನು ಹೇಳಿಕಳಿಸಿದ್ದು ಇಷ್ಟು. ಸೆಪ್ಟೆಂಬರಿನಲ್ಲಿ ಕಲೀತ್ಸಾಳ ಮದುವೆ. ಅವಳು ನಿನ್ನ ಹಿರಿಮಗಳು, ಅಮ್ಮನ ಹೆಸರಿನವಳು, ನಮ್ಮ ದ್ವೀಪದ ರೂಢಿಯಂತೆ ಮನೆ ಹೊಲ ಚಿನ್ನದ ನಾಣ್ಯಗಳ ಸರ ಎಲ್ಲಾ ಅವಳ ಪಾಲಿಗೆ. ಫೋತಿನಿ ಕಿರಿಯವಳಾದ್ದರಿಂದ ಅಕ್ಕನ ಜೊತೆಗೇ ಪೇಟೆಯ ಸಂಸಾರಕ್ಕೆ ಹೋಗಿ ಅವಳ ಅಡುಗೆಮನೆ ನೋಡಿಕೊಳ್ಳಬೇಕು. ಬೀಗಿತ್ತಿಗೆ ನಿಶ್ಚಿತಾರ್ಥದ ದಿನ ತಿಂದ ಹುರುಳಿಕಾಯಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ, ಆದ್ದರಿಂದ ಹಬ್ಬಕ್ಕೆ ಮುಂಚಿನ ಎರಡು ವಾರದ ಉಪವಾಸ ಮುಗಿಯುವುದರೊಳಗೆ ನಾನು ಅದನ್ನು ಫೋತಿನಿಗೆ ಕಲಿಸಿ ಕಳಿಸಬೇಕು. ಆಮೇಲೆ ನನಗೂ ವಯಸ್ಸಾಗುತ್ತಿದೆ, ಬೇಕಾದರೆ ನಾನೂ ಅಲ್ಲೇ ಹೋಗಿ ಇರಬಹುದು, ಒಂದು ಮೂಲೆ ಇದೆ ಅಂದೆಯಂತೆ. ಆ ಮೂಲೆ ಯಾವುದು ಅಂತ ನನಗೆ ಗೊತ್ತಿದೆ ಅಕ್ಕ. ಒಲೆಯ ಪಕ್ಕದ್ದು.

ಸರಿ, ಬರೆದುಕೋ. ಅಥವಾ ಕಲೀತ್ಸಾಗೆ ಓದಿ ಹೇಳು.

ಕಾಯನ್ನು ಬಿಸಿಲು ಏರುವ ಮೊದಲೇ ಕೀಳಬೇಕು. ಮುರಿದರೆ ಚಟ್ ಅನ್ನಬೇಕು, ಬಾಗಿದರೆ ಅದು ನಿನ್ನೆಯದು. ಎರಡೂ ತುದಿ ಚಿವುಟಿ, ಬದಿಯ ನಾರನ್ನು ಎಳೆದು ತೆಗೆಯಬೇಕು. ಚಾಕು ಬೇಡ, ಕೈಯಲ್ಲೇ ಮುರಿಯಬೇಕು. ಈ ಕೆಲಸದಲ್ಲಿ ಉಗುರಿನ ಸಂದಿಗೆ ಹಸಿರು ಹತ್ತುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಕಲೀತ್ಸಾಳ ನಿಶ್ಚಿತಾರ್ಥದ ದಿನ ನೀನು ಬೀಗರ ಮುಂದೆ, ಇದು ನನ್ನ ಮಗಳ ಕೈಗುಣ ಅಂದೆಯಲ್ಲ, ಆಗ ಬೀಗಿತ್ತಿ ಅವಳ ಬೆರಳುಗಳನ್ನು ಹಿಡಿದು ಮುತ್ತಿಟ್ಟಳು. ಬೆಳ್ಳಗೆ, ಹೂವಿನ ಹಾಗಿದ್ದವು. ಆ ಹೆಂಗಸಿಗೆ ಸ್ವಲ್ಪ ಕಣ್ಣಿದ್ದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನಾನು ಬಾಗಿಲ ಹಿಂದೆ ಮಸಿಬಟ್ಟೆ ಹಿಡಿದು ನಿಂತಿದ್ದೆ. ನೀನು ನನ್ನನ್ನು ನೋಡಿದೆ, ನೋಡಿ ಕಣ್ಣು ಆಚೆ ತಿರುಗಿಸಿದೆ.

ಆಮೇಲೆ ಎಣ್ಣೆ. ಆಲಿವ್ ಎಣ್ಣೆಗೆ ಕೈ ಬಿಗಿ ಹಿಡಿಯಬಾರದು, ಪಾತ್ರೆಯ ತಳ ಮುಳುಗಬೇಕು. ಉಪವಾಸದ ದಿನಗಳಲ್ಲಿ ಎಣ್ಣೆ ಮುಟ್ಟುವ ಹಾಗಿಲ್ಲ ಅನ್ನುವುದನ್ನೂ ಮರೆತು ನೀನು ಮಗಳನ್ನು ಉಪವಾಸದ ಹೊತ್ತಿಗೇ ಕಲಿಯಲು ಕಳಿಸಿದೆಯಲ್ಲ! ಒಲೆಯ ಮುಂದೆ ನಿಲ್ಲದವರಿಗೆ ಮಾತ್ರ ಇಂಥ ಮರೆವು ಬರುತ್ತದೆ. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಬೇಕು, ಕೆಂಪಾಗಬಾರದು. ಬೆಳ್ಳುಳ್ಳಿ ಜಜ್ಜಿ ಹಾಕಿ, ಅದರ ಮೇಲೆ ಕಾಯಿ ಹಾಕಿ, ಅದರ ಬಿಗು ಸಡಿಲುವವರೆಗೆ ತಿರುವಬೇಕು. ಹಣ್ಣು ಟೊಮೇಟೊವನ್ನು ಹೋಳು ಮಾಡಿ ತುರಿಮಣೆಗೆ ಉಜ್ಜಿದರೆ ತಿರುಳು ಕೆಳಗೆ ಇಳಿಯುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ನಾನು ಈ ಮನೆಯಲ್ಲಿ ಉಳಿದ ಹಾಗೆ.

ಉಪ್ಪು ಹಾಕಿ, ಮುಚ್ಚಳ ಮುಚ್ಚು. ನೀರು ಬೇಡ. ಸೌಟು ಹಾಕಿ ಕಲಕಿದರೆ ಕಾಯಿ ಒಡೆಯುತ್ತದೆ, ಪಾತ್ರೆಯ ಎರಡೂ ಕಿವಿ ಹಿಡಿದು ಕುಲುಕಬೇಕು ಅಷ್ಟೆ. ಟೊಮೇಟೊದ ನೀರೆಲ್ಲ ಇಂಗಿ ಎಣ್ಣೆ ಮಾತ್ರ ಉಳಿಯುವವರೆಗೆ ಅಲ್ಲಿಂದ ಕದಲಬಾರದು. ತಳ ಹಿಡಿಯುವುದು ಕೊನೆಯ ಗಳಿಗೆಯಲ್ಲೇ.

ಅಂಥ ಒಂದು ಗಳಿಗೆಯಲ್ಲೇ ಚಪ್ಪಲಿ ಹೊಲಿಯುವ ಯಾನ್ನಿಸನ ತಾಯಿ ಮಗನಿಗೆ ನನ್ನನ್ನು ಕೇಳಿಕೊಂಡು ಬಂದಿದ್ದಳು. ನಿನಗೆ ಮರೆತಿರಬಹುದು. ಅಮ್ಮ ನಿನ್ನ ಮುಖ ನೋಡಿದಳು. ಅಷ್ಟು ಹೊತ್ತಿಗೆ ಮನೆ ನಿನ್ನದಾಗಿತ್ತು, ಮಾತೂ ನಿನ್ನದೇ. ನೀನು ನಗುತ್ತಾ ಅಂದೆ:

"ಇವ್ಳನ್ನ ಕಳಿಸ್ಬಿಟ್ರೆ ನಂಗೆ ಹುರುಳಿಕಾಯಿ ಯಾರಮ್ಮ ಮಾಡಿಕೊಡ್ತಾರೆ?"

ಎಲ್ಲರೂ ನಕ್ಕರು. ಯಾನ್ನಿಸನ ತಾಯಿ ಕೂಡ ನಕ್ಕಳು, ಪಾಪ, ಇನ್ನೇನು ಮಾಡುತ್ತಾಳೆ. ನಗು ಮುಗಿಯುವುದರೊಳಗೆ ನನ್ನ ಮದುವೆಯ ಮಾತೂ ಮುಗಿದಿತ್ತು. ನಾನು ಒಳಗೆ ಹೋಗಿ ಪಾತ್ರೆ ಕುಲುಕಿದೆ. ಆ ದಿನವೂ ತಳ ಹಿಡಿಯಲಿಲ್ಲ ನೋಡು.

ಇಳಿಸಿದ ಮೇಲೆ ಪುದೀನ ಹರಿದು ಉದುರಿಸಿ, ಆರಲು ಬಿಡಬೇಕು. ಬಿಸಿಬಿಸಿ ಬಡಿಸಬಾರದು, ಉಗುರು ಬೆಚ್ಚಗಿರಬೇಕು. ಮೇಕೆಮಾಂಸದ ಪಕ್ಕಕ್ಕೆ ಒಂದಿಷ್ಟು, ಮೇಲೆ ಹುಳಿ ಚೀಸ್. ಜನ ಮಾಂಸ ಬಿಟ್ಟು ಇದನ್ನೇ ಬ್ರೆಡ್ಡಿನಲ್ಲಿ ಬಳಿದು ತಿನ್ನುತ್ತಾರೆ. ಮುಗಿಯಿತು, ಇಷ್ಟೇ ವಿದ್ಯೆ. ಒಂದು ಮಾತೂ ಬಚ್ಚಿಟ್ಟಿಲ್ಲ. ಇದನ್ನು ಫೋತಿನಿ ಕಲಿಯಬೇಕಾಗಿಲ್ಲ, ಹೊಗಳಿಸಿಕೊಂಡವಳೇ ಕಲಿಯಲಿ.

ಈಗ ಫೋತಿನಿಯ ವಿಷಯ. ಉಪವಾಸದ ದಿನಗಳಲ್ಲಿ ನಾನು ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಅವಳೂ ಕೇಳಲಿಲ್ಲ. ಅಟ್ಟದ ಮೇಲಿನ ಅಮ್ಮನ ಹಳೆಯ ಬಟ್ಟೆ ಬಿಚ್ಚಿ ತನಗೊಂದು ರವಿಕೆ ಹೊಲಿದುಕೊಂಡಳು. ಒಂದೊಂದು ಹೊಲಿಗೆಯೂ ಎಷ್ಟು ನೇರ ಅಂದರೆ, ನನಗೆ ಹೊಟ್ಟೆಕಿಚ್ಚೇ ಆಯಿತು. ನನ್ನ ಕೈಗೆ ಇನ್ನೇನಾದರೂ ಬರುತ್ತಿತ್ತೋ ಏನೋ, ಯಾರೂ ನೋಡಲೇ ಇಲ್ಲವಲ್ಲ.

ನಿನ್ನೆ ಹಬ್ಬ. ಪೂಜೆ ಮುಗಿಸಿ ನೆಂಟರಿಷ್ಟರು ಎಂದಿನಂತೆ ನಮ್ಮ ಮನೆಗೆ ಬಂದರು. ನೀನು ಪೇಟೆಯಲ್ಲಿದ್ದರೂ ನಿನ್ನದೇ ಮನೆ ಅನ್ನು. ನಾನು ಬಡಿಸಿದೆ, ಅವರು ಉಂಡರು, ರಿಗೊಪೂಲಾಳ ಮನೆಯ ಊಟ ಅಂತ ಬಾಯಿ ತುಂಬ ಹೊಗಳಿ ಎದ್ದರು. ಆಮೇಲೆ ನಾನು ಎಂದಿನಂತೆ ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ಒಲೆಯ ಮುಂದೆ ನಿಂತುಕೊಂಡೇ ಬ್ರೆಡ್ಡಿನಲ್ಲಿ ಬಳಿದು ತಿನ್ನುತ್ತಿದ್ದೆ. ನಾನು ನಿಂತು ತಿನ್ನುತ್ತೇನೆ ಅನ್ನುವುದು ನನಗೇ ಗೊತ್ತಿರಲಿಲ್ಲ ಅಕ್ಕ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹುಡುಗಿ ಮೆಲ್ಲಗೆ ಕೇಳಿದಳು:

"ಚಿಕ್ಕಮ್ಮ, ಅಕ್ಕನ ಮನೇಲಿ ನಾನೂ ಹಿಂಗೇ ನಿಂತ್ಕೊಂಡು ತಿನ್ಬೇಕಾ?"

ಕೈಯಲ್ಲಿದ್ದ ಬ್ರೆಡ್ಡನ್ನು ಪಾತ್ರೆಯಲ್ಲೇ ಬಿಟ್ಟೆ. ಆ ವಯಸ್ಸಿನಲ್ಲಿ ನಾನು ಇದನ್ನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ಹೇಳುವವರು ಇರಲಿಲ್ಲ. ಹಿತ್ತಲಿಗೆ ಹೋಗಿ ಬಳ್ಳಿಯಲ್ಲಿ ಇದ್ದಬದ್ದ ಕಾಯೆಲ್ಲ ಕಿತ್ತು ತಂದೆ, ಮತ್ತೆ ಒಲೆ ಹಚ್ಚಿದೆ. ನೀನು ಅತಿಥಿಗಳಿಗೆ ಮಾತ್ರ ತೆಗೆಯುವ, ಅಂಚಿಗೆ ಕಸೂತಿ ಇರುವ ಮೇಜುಬಟ್ಟೆ ಹಾಸಿದೆ. ಗೋಡೆಗೆ ನೇತುಹಾಕಿದ ನಿನ್ನ ಬಣ್ಣದ ತಟ್ಟೆಗಳನ್ನೂ ಇಳಿಸಿದೆ. ಇಬ್ಬರೂ ಕುರ್ಚಿಯಲ್ಲಿ ಕೂತು, ನಿಧಾನವಾಗಿ, ಹೊಟ್ಟೆ ಬಿರಿಯುವಂತೆ ತಿಂದೆವು. ಇದು ಇಷ್ಟು ರುಚಿಯಾಗಿರುತ್ತದೆ ಅಂತ ನನಗೆ ನಿನ್ನೆಯೇ ಗೊತ್ತಾಗಿದ್ದು.

ಇವತ್ತು ಬೆಳಿಗ್ಗೆ ಕೆಳಗಿನ ದಡಕ್ಕೆ ರೋಡ್ಸ್ ದ್ವೀಪಕ್ಕೆ ಹೋಗುವ ಹಡಗು ಬಂತು. ರೋಡ್ಸ್‌ನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನಮ್ಮೂರಿನ ಮಾರೂಕಾಳಿಗೆ ಒಂದು ಕೈಯಾಳು ಬೇಕಿತ್ತು. ಫೋತಿನಿಯನ್ನು ಹತ್ತಿಸಿ ಬಂದೆ. ತಂಗಿಯೇ ಓಡಿಸಿದಳು ಅಂತ ಊರಿಗೆಲ್ಲ ಹೇಳು, ನಾನು ಹೌದು ಅನ್ನುತ್ತೇನೆ. ಅವಳನ್ನು ಹುಡುಕಿಕೊಂಡು ಭಾವನನ್ನು ಕಳಿಸಬೇಡ. ಅವಳಿಗೆ ಹತ್ತೊಂಬತ್ತು ತುಂಬಿದೆ, ಮಾತಾಡಲು ಬಾಯಿದೆ. ನನಗೆ ಇಲ್ಲದೆ ಹೋದದ್ದು ಅದೊಂದೇ.

ಕಲೀತ್ಸಾಳ ಮನೆಗೆ ನಾನು ಬರುವುದಿಲ್ಲ. ಎತ್ತಿ ಆಡಿಸಿದ ಮಗು, ಚೆನ್ನಾಗಿರಲಿ, ಶಾಪ ಹಾಕುವಷ್ಟು ಕೆಟ್ಟವಳಲ್ಲ ನಾನು. ಈ ಮನೆ ನಿನ್ನದು, ನಾಳೆ ಅವಳದು. ಹೊರಡು ಅಂದರೆ ಹೊರಡುತ್ತೇನೆ. ಎಲ್ಲಿಗೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ.

ಇಂತಿ,
ನಿನ್ನ ತಂಗಿ, ಮೊದಲ ಬಾರಿಗೆ ಬೇಡ ಅಂದವಳು,
ಸೆವಸ್ತಿ

ಮರೆತಿದ್ದೆ: ಬುಟ್ಟಿಯಲ್ಲಿರುವುದು ಹುರುಳಿಕಾಯಿ ಮಾಡುವ ಪಾತ್ರೆ. ತೊಳೆದಿದ್ದೇನೆ. ಅದು ನಿನ್ನ ಪಾಲಿನದು, ಕಲೀತ್ಸಾಗೆ ಕೊಡು. ಕಾಯಿ ಮಾತ್ರ ಪೇಟೆಯದೇ ತರಬೇಕಾಗುತ್ತದೆ. ಅಮ್ಮ ನಿನಗೆ ಮನೆ, ಹೊಲ, ಚಿನ್ನ ಎಲ್ಲ ಕೊಟ್ಟ ದಿನ ನನಗೆ ಬಟ್ಟೆಯ ತುದಿಯಲ್ಲಿ ಕಟ್ಟಿ ಕೊಟ್ಟದ್ದು ಒಂದು ಹಿಡಿ ಹುರುಳಿಕಾಯಿ ಬೀಜ. ನೀವೆಲ್ಲ ಇಷ್ಟು ವರ್ಷ ತಿಂದದ್ದು ಅದನ್ನೇ. ಪ್ರತಿವರ್ಷ ಒಂದಿಷ್ಟು ಕಾಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು ಬೀಜ ಎತ್ತಿಡುತ್ತಿದ್ದೆ. ಈ ವರ್ಷ ಒಂದನ್ನೂ ಬಿಡಲಿಲ್ಲ, ಎಲ್ಲವನ್ನೂ ನಿನ್ನೆ ಎಳೆಯದಾಗಿಯೇ ತಿಂದುಬಿಟ್ಟೆವು. ಫೋತಿನಿ ಎರಡು ಬೀಜವಾದರೂ ಕೊಡು ಚಿಕ್ಕಮ್ಮ ಅಂತ ಕೇಳಿದಳು. ನನ್ನನ್ನು ಒಲೆಯ ಮುಂದೆ ನಿಲ್ಲಿಸಿದ್ದೇ ಆ ಬೀಜ, ಇದ್ದಿದ್ದರೂ ಕೊಡುತ್ತಿರಲಿಲ್ಲ.