ಹೆಸರಿಲ್ಲದ ಸಾಲು

ಫೆಬ್ರವರಿ 3, ಸೋಮವಾರ

ಎರಡನೇ ವರ್ಷದವರಿಗೆ ಮತ್ತೆ ಅದೇ ಗೂಢಲಿಪಿ ಪಾಠ. ಕೊನೇ ಬೆಂಚಿನ ಹುಡುಗಿ ಕೇಳಿದಳು — "ಮೇಡಂ, ಬಚ್ಚಿಡೋಕೆ ಏನೂ ಇಲ್ದೇ ಇರೋರಿಗೆ ಇದೆಲ್ಲ ಯಾಕೆ?" ಹದಿನಾರು ವರ್ಷದಿಂದ ಕೇಳುತ್ತಿರುವ ಪ್ರಶ್ನೆ. ಉತ್ತರವೂ ಹಳೆಯದೇ. "ಫೋನ್ ಅನ್‌ಲಾಕ್ ಮಾಡಿ ನನ್ ಕೈಗೆ ಕೊಡು." ಕೊಡಲಿಲ್ಲ.

ಮಧ್ಯಾಹ್ನ ಫೈಲ್ ಬಂತು. ಟ್ಯುನಿಸ್ ಸುತ್ತಲಿನ ಆಸ್ಪತ್ರೆಗಳ ದಾಖಲೆ, ರೋಗಿಗೊಂದು ಸಾಲಿನಂತೆ ನಾಲ್ಕು ಲಕ್ಷ ಸಾಲು. ಹೆಸರು ಅಳಿಸಿದ್ದಾರೆ. ಹುಟ್ಟಿದ ವರ್ಷ, ಬಡಾವಣೆ, ವಿಭಾಗ, ಬಂದ ದಿನಗಳು — ಎಲ್ಲ ಹಾಗೇ ಇವೆ. ಏಪ್ರಿಲ್‌ನಲ್ಲಿ ಸಾರ್ವಜನಿಕರಿಗೆ ಬಿಡುತ್ತಾರಂತೆ. ನಾನು ಪರೀಕ್ಷಿಸಿ ಸಹಿ ಹಾಕಬೇಕು.

ದಾಖಲೆ ಬಿಡುಗಡೆ ಸಮಿತಿಯ ಅಧ್ಯಕ್ಷ ಸಿ ಲಸ್ಸಾದ್ ('ಸಿ' ಅಂದರೆ ಶ್ರೀಯುತ) ಫೋನಿನಲ್ಲಿ ನಕ್ಕರು. "ಹೆಸ್ರೇ ಇಲ್ಲ ಡಾಕ್ಟ್ರೇ, ಇನ್ನೇನ್ ಭಯ? ಇಪ್ಪತ್ನಾಲ್ಕನೇ ತಾರೀಕು ಒಬ್ಬರನ್ನ ಗುರುತು ಹಿಡಿದು ತೋರ್ಸಿ, ನಿಲ್ಲಿಸ್ಬಿಡ್ತೀನಿ."

ಫೆಬ್ರವರಿ 6, ಗುರುವಾರ

ಅಮ್ಮ, ನನ್ನ ಉಮ್ಮಿ, ಬೀದಿಯ ಸಾರ್ವಜನಿಕ ಸ್ನಾನಗೃಹಕ್ಕೆ, ಹಮಾಮಿಗೆ, ಹೋಗಿ ಬಂದಳು. ಡಿಸೆಂಬರ್‌ನಿಂದ ಪ್ರತಿ ಗುರುವಾರ ಸ್ನಾನದ ಚೀಲ ಹಿಡಿದು ಒಬ್ಬಳೇ ಹೊರಡುತ್ತಾಳೆ. ಮೊದಲು ಜೊತೆಗೇ ಹೋಗುತ್ತಿದ್ದೆವು, ಅವಳ ಬೆನ್ನು ಉಜ್ಜುವುದು ನನ್ನ ಕೆಲಸ. ಈಗ — "ನಿಂಗೆಲ್ಲಿ ಪುರಸೊತ್ತು, ಬಿಡು."

ಒಗೆಯಲು ಚೀಲ ಬಿಚ್ಚಿದೆ. ಟವೆಲ್ ಒಣಗಿಯೇ ಇತ್ತು. ಬಿಸಿಲಿಗೆ ಹಾಕಿರಬೇಕು... ಹೊರಗೆ ಬೆಳಿಗ್ಗೆಯಿಂದ ಜಡಿಮಳೆ.

ಫೆಬ್ರವರಿ 14, ಶುಕ್ರವಾರ

ಪರಿಚಿತರಿಂದಲೇ ಹುಡುಕಲು ಶುರು ಮಾಡುವುದು ನಮ್ಮ ರೂಢಿ. ಕೆಟ್ಟ ರೂಢಿ. ಉಮ್ಮಿಯ ವಿವರ ಹಾಕಿ ನೋಡಿದೆ.

ರಾದೆಸ್, ನಮ್ಮ ಬಡಾವಣೆ. ಹೆಣ್ಣು. ಹುಟ್ಟಿದ್ದು 1953. ಡಿಸೆಂಬರ್‌ನಿಂದ ಪ್ರತಿ ಗುರುವಾರ. ಜನವರಿ 16 ಮಾತ್ರ ತಪ್ಪಿದೆ — ಅಂದು ಸೋದರತ್ತೆಯ ಮಣ್ಣಿಗೆಂದು ನಾನೂ ಉಮ್ಮಿಯೂ ಬಿಝೆರ್ತೆಯಲ್ಲಿದ್ದೆವು. ಹೊಂದುವುದು ಒಂದೇ ಸಾಲು. ನಾಲ್ಕು ನಿಮಿಷ ಹಿಡಿಯಿತು.

ವಿಭಾಗ: ಕ್ಯಾನ್ಸರ್.

ನಮ್ಮ ಮನೆಯಲ್ಲಿ ಆ ಶಬ್ದ ಆಡುವುದಿಲ್ಲ. 'ಆ ಕೆಟ್ಟದ್ದು' ಅನ್ನುತ್ತೇವೆ, ಅದೂ ದನಿ ತಗ್ಗಿಸಿ. ಉಮ್ಮಿ ಮನೆಯೊಳಗೂ ತಲೆಗೆ ವಸ್ತ್ರ ಕಟ್ಟಿಕೊಳ್ಳುತ್ತಿದ್ದಳು. ಚಳಿ ಅನ್ನುತ್ತಿದ್ದಳು. ನಂಬಿದ್ದೆ.

ಅವಳು ಹೇಳದೆ ಉಳಿಸಿಕೊಂಡದ್ದನ್ನು ಕದ್ದು ಓದಿದೆ. ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ?

ಫೆಬ್ರವರಿ 19

ನಾಲ್ಕು ದಿನ ಬರೆಯಲಾಗಲಿಲ್ಲ. ಊಟಕ್ಕೆ ಉಮ್ಮಿ ಮುಲೂಖಿಯಾ ಸೊಪ್ಪಿನ ಸಾರು ಮಾಡಿದ್ದಳು, ಐದು ಗಂಟೆ ಒಲೆ ಮುಂದೆ ನಿಂತು. "ಏನೇ ಹಾಗ್ ನೋಡ್ತೀಯ? ನನ್ ಮುಖ ಏನು ಪರೀಕ್ಷೆ ಪೇಪರ್ರಾ? ತಿನ್ನು." ತಿಂದೆ.

ಸಹೋದ್ಯೋಗಿ ಶಿಹೆಬ್‌ಗೆ ಒಂದು ಸಾಲು ಸಿಕ್ಕಿದೆ ಎಂದಷ್ಟೇ ಹೇಳಿದೆ. "ಮತ್ತೇನು? ಅದನ್ನೇ ತೋರ್ಸು! ಹೆಸ್ರು ಹೇಳ್ದೇ ಅವ್ರು ನಂಬಲ್ಲ."

"ಆ ಹೆಸ್ರು ಹೇಳೋ ಹಕ್ಕು ನಂಗಿಲ್ಲ ಶಿಹೆಬ್."

"ಹಾಗಾದ್ರೆ ಸಹಿ ಹಾಕು. ನಾಲ್ಕು ಲಕ್ಷ ಜನ ಬೀದಿಗೆ ಬರ್ಲಿ."

ಫೆಬ್ರವರಿ 24, ಸೋಮವಾರ

ಸಭೆ. ಕಾಲೇಜು ವೆಬ್‌ಸೈಟಿನ ರಜಾಪಟ್ಟಿ ತೆರೆದು ಸಿ ಲಸ್ಸಾದ್ ಮುಂದಿಟ್ಟೆ. "ಒಬ್ಬ ಪ್ರಾಧ್ಯಾಪಕಿ. ಬಡಾವಣೆ ರಾದೆಸ್, ಹುಟ್ಟಿದ್ದು 1981. ರಜೆ 2023 ನವೆಂಬರ್ 6ರಿಂದ 16. ನೀವೇ ಹುಡುಕಿ."

ಹುಡುಕಿದರು. ಒಂದೇ ಸಾಲು. ಗಟ್ಟಿಯಾಗಿ ಓದತೊಡಗಿ, "ಮಾನಸಿಕ..." ಎನ್ನುವಲ್ಲಿ ನಿಲ್ಲಿಸಿದರು. ತಲೆ ಎತ್ತಲಿಲ್ಲ.

"ಓದಿ ಸರ್. ನಾನೇ ಅದು."

ಆ ಹನ್ನೊಂದು ದಿನ ಫ್ರಾನ್ಸಿನ ಲಿಯಾನ್‌ನಲ್ಲಿ ಸಮ್ಮೇಳನ ಅಂತ ಎಲ್ಲರಿಗೂ ಹೇಳಿದ್ದೆ. ಉಮ್ಮಿಗೂ.

ಫೈಲ್ ಬಿಡುಗಡೆ ನಿಂತಿತು. ಸಿ ಲಸ್ಸಾದ್ ಬಾಗಿಲವರೆಗೂ ಬಂದರು. "ಕ್ಷಮ್ಸು ಮಗಳೇ" ಅಂದರು, ಡಾಕ್ಟ್ರೇ ಅನ್ನಲಿಲ್ಲ. ಗೆದ್ದೆ ಅನ್ನಿಸಲಿಲ್ಲ. ನಾಚಿಕೆ, ಅಷ್ಟೆ.

ಫೆಬ್ರವರಿ 25

ಬೇರೆಯವರ ಬಾಯಿಂದ ಕೇಳುವ ಮೊದಲು ಹೇಳಿಬಿಟ್ಟೆ. "ಉಮ್ಮಿ, ಆವತ್ತು ನಾನು ಲಿಯಾನ್‌ಗೆ ಹೋಗಿರ್ಲಿಲ್ಲ."

ಬಟಾಣಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಗೊತ್ತು. ಅಲ್ಲಿಂದ ತಂದೆ ಅಂತ ಚಾಕೊಲೇಟ್ ಕೊಟ್ಯಲ್ಲ, ಅದ್ರ ಮೇಲೆ ನಮ್ ಬೀದಿ ಅಂಗಡಿ ಚೀಟಿ ಇತ್ತು."

"ಯಾಕ್ ಕೇಳ್ಲಿಲ್ಲ?"

"ನೀನಾಗೇ ಹೇಳ್ತೀಯ ಅಂತ ಕಾದೆ. ಹದಿನೈದು ತಿಂಗಳು!"

ಹದಿನಾರು ವರ್ಷ ನಾನು ಪಾಠ ಮಾಡಿದ್ದನ್ನು, ತಿಳಿದೂ ಗುಟ್ಟು ಕಾಯುವುದನ್ನು, ಅವಳು ಬಟಾಣಿ ಬಿಡಿಸುತ್ತಾ ಮಾಡಿ ಮುಗಿಸಿದ್ದಳು. ಅತ್ತುಬಿಟ್ಟೆ. ಗುರುವಾರಗಳ ಬಗ್ಗೆ ನಾನು ಕೇಳಲಿಲ್ಲ. ಕಾಯುತ್ತೇನೆ.

ಫೆಬ್ರವರಿ 27, ಗುರುವಾರ, ಬೆಳಿಗ್ಗೆ 8.10

ರಮ್ಜಾನ್‌ಗೆ ಇನ್ನು ಎರಡೋ ಮೂರೋ ದಿನ. ಬೀದಿಯ ಹೆಂಗಸರೆಲ್ಲ ಹಮಾಮಿಗೆ ಹೊರಟಿದ್ದಾರೆ. ಉಮ್ಮಿಯೂ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ಎಂದಿನಂತೆ ಹೊರಡಲಿಲ್ಲ.

"ಇವತ್ತು ಕ್ಲಾಸ್ ಇದ್ಯಾ?"

"ಇದೆ. ಬಿಡ್ತೀನಿ."

ಚೀಲದೊಳಗೆ ಕೈ ಹಾಕಿ ಟವೆಲ್ ತೆಗೆದಳು, ಮಡಚಿ ಕುರ್ಚಿಯ ಮೇಲಿಟ್ಟಳು. ಆಮೇಲೆ ಸಾಬೂನು. ಚೀಲದಲ್ಲಿ ಈಗ ಆಸ್ಪತ್ರೆಯ ಒಂದು ನೀಲಿ ಫೈಲ್ ಮಾತ್ರ ಇದೆ.

"ಬಾ. ಚೀಲ ನೀನ್ ಹಿಡ್ಕೋ."

ನಾನು ಕದ್ದು ಓದಿದ್ದನ್ನೂ ಅವಳಿಗೆ ಹೇಳಬೇಕು. ದಾರಿಯಲ್ಲೇ ಹೇಳುತ್ತೇನೆ. ಕೆಳಗೆ ಟ್ಯಾಕ್ಸಿ ಬಂದಿದೆ, ಉಮ್ಮಿ ಮೆಟ್ಟಿಲ ಮೇಲೆ ನಿಂತು ಕರೆಯುತ್ತಿದ್ದಾಳೆ.