ಪಿತೃಪಕ್ಷದಲ್ಲಿ ಬಿದ್ದ ಸರದಾರ

ಬೆಂಗಳೂರಿನಲ್ಲಿ ಕುಳಿತು ಯಾವ ಊರಿಗೆ ಯಾವ ಪಿಕ್ಚರು ಎಂದು ಹಣೆಬರಹ ಬರೆಯುವ ಚಿತ್ರ ಹಂಚಿಕೆ ಕಚೇರಿಯ ಮ್ಯಾನೇಜರ್ ಸಾಹೇಬರೇ,

ನಮ್ಮ ಸರದಾರನನ್ನು ಯಾವ ತಪ್ಪಿಗೆ ಒಳಗೆ ಇಟ್ಟುಕೊಂಡಿದ್ದೀರಿ? ‘ಸಿಡಿಲುಗೈ ಸರದಾರನ ಬಿಡುಗಡೆ’ ಎಂಬ ನಾಲ್ಕನೇ ಪಿಕ್ಚರು ತಯಾರಾಗಿ, ಸುರುಳಿ ಸುತ್ತಿ, ಪೆಟ್ಟಿಗೆ ಸೇರಿ, ನಿಮ್ಮ ಗೋಡೌನಿನಲ್ಲಿ ಕುಳಿತಿದೆಯಂತೆ. ಹಳ್ಳಿಗಾಡಿನ ಟೆಂಟುಗಳಿಗೆ ಅದನ್ನು ಕೊಡುವುದಿಲ್ಲವಂತೆ. ಬಿಡುಗಡೆ ಎಂದು ಹೆಸರಿಟ್ಟ ಪಿಕ್ಚರಿಗೇ ಬಿಡುಗಡೆ ಇಲ್ಲ. ಎಮರ್ಜೆನ್ಸಿಯಲ್ಲಿ ಜೈಲಿಗೆ ಹೋಗಿದ್ದ ದೊಡ್ಡ ದೊಡ್ಡವರೆಲ್ಲ ಹೋದ ವರ್ಷವೇ ಹೊರಗೆ ಬಂದು ಹಾರ ಹಾಕಿಸಿಕೊಂಡರು. ನಮ್ಮ ಸರದಾರ ಮಾತ್ರ ಇನ್ನೂ ಒಳಗೇ ಇದ್ದಾನೆ. ಇದು ಯಾವ ನ್ಯಾಯ?

ನಾನು ಯಾರೆಂದು ತಾವು ಕೇಳಬಹುದು. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ, ಮನೆಗಳು ಮುಗಿದು ಕಬ್ಬಿನ ಗದ್ದೆ ಶುರುವಾಗುವಲ್ಲಿ, ನನ್ನ ಮಗ ಶಿವಣ್ಣನ ಟೆಂಟು ಇದೆ. ಅವರಪ್ಪ ಕಟ್ಟಿದ್ದು. ಗಂಡಸರ ಬಾಗಿಲಲ್ಲಿ ಮಗ, ಹೆಂಗಸರ ಬಾಗಿಲಲ್ಲಿ ನಾನು. ಮೂರನೇ ಕ್ಲಾಸಿನವರೆಗೆ ಓದಿದ್ದೇನೆ. ಈ ಕಾಗದದಲ್ಲಿ ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತನ್ನು ಮಾತ್ರ ತಿದ್ದಬೇಡಿ ಎಂದು ಪತ್ರಿಕೆಯವರಿಗೆ ಹೇಳಿದ್ದೇನೆ. ನಿಮಗೆ ಖಾಸಗಿಯಾಗಿ ಬರೆದ ಕಾಗದಗಳಿಗೆ ನೀವು ಉತ್ತರ ಕೊಡಲಿಲ್ಲ. ಅದಕ್ಕೇ ಈಗ ಜಿಲ್ಲೆಯೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ಸರದಾರನ ಪಿಕ್ಚರುಗಳು ಬಲು ಚೆನ್ನಾಗಿವೆ ಎಂದು ಹೇಳಲು ನಾನೇನು ನಿಮ್ಮ ಪೋಸ್ಟರ್ ಅಂಟಿಸುವವಳಲ್ಲ. ಮೊದಲನೆಯದು ಬಂದಾಗ ನಮ್ಮ ಟೆಂಟಿನಲ್ಲಿ ನೆಲದ ಮರಳು ಕಾಣದಷ್ಟು ಜನ. ಅವನು ಕೈ ಚಾಚಿದ ಕೂಡಲೇ ಬೆರಳಿಂದ ಸಿಡಿಲು ಹೊರಡುತ್ತಿತ್ತಲ್ಲ, ಆಗ ಜಲಪಾತದ ಪಕ್ಕದ ಬ್ಲಫ್‌ನ ಕರೆಂಟು ಕಚೇರಿಯವರು ಬೆಂಚಿನ ಮೇಲೆ ಹತ್ತಿ ನಿಂತು ಶಿಳ್ಳೆ ಹೊಡೆಯುತ್ತಿದ್ದರು. ಹಗಲೆಲ್ಲ ನಿಜವಾದ ಕರೆಂಟು ಹುಟ್ಟಿಸುವ ಗಂಡಸರು ಸಂಜೆ ಬಂದು ಸುಳ್ಳು ಕಿಡಿಗೆ ಶಿಳ್ಳೆ ಹೊಡೆಯುತ್ತಾರೆಂದರೆ ಅದರಲ್ಲಿ ಏನೋ ಇದೆ ತಾನೆ? ಎರಡನೆಯದು, ‘ಸರದಾರನ ಸೇಡು’, ಅಷ್ಟಕ್ಕಷ್ಟೆ. ಅವನು ಹಾರುವಾಗ ಸೊಂಟಕ್ಕೆ ಕಟ್ಟಿದ ತಂತಿ ನನ್ನಂಥ ಪೊರೆ ಬಂದ ಕಣ್ಣಿಗೂ ಕಾಣಿಸಿತು. ಮೂರನೆಯದಕ್ಕೆ ಬರುವ ಹೊತ್ತಿಗೆ ಅವನಿಗೆ ಹೊಟ್ಟೆಯೂ ಬಂದಿತ್ತು. ಇದೆಲ್ಲ ನಮಗೆ ಗೊತ್ತಿಲ್ಲದ್ದಲ್ಲ. ಮನೆಯ ಗಂಡಸಿಗೆ ಹೊಟ್ಟೆ ಬಂದರೆ ಯಾರಾದರೂ ಅನ್ನ ಹಾಕದೆ ಹೊರಗೆ ನಿಲ್ಲಿಸುತ್ತಾರೆಯೇ?

ಮೂರನೆಯದರ ಹೆಸರು ‘ಸರದಾರನ ಸೆರೆ’. ಕೊನೆಯಲ್ಲಿ ಅವನ ಎರಡೂ ಕೈಗೆ ಕಬ್ಬಿಣದ ಗವಸು ತೊಡಿಸಿ, ನೆಲಮಾಳಿಗೆಗೆ ನೂಕಿ, ಬಾಗಿಲು ಜಡಿದರು. ಅವನ ತಾಯಿ ಹೊರಗೆ ನಿಂತು ಬಾಗಿಲು ಬಡಿಯುತ್ತಾಳೆ. ಅಲ್ಲಿಗೆ ನಿಲ್ಲಿಸಿ, ಮುಂದಿನ ಭಾಗದಲ್ಲಿ ನೋಡಿ ಎಂದು ಬರೆದಿರಿ. ಬರೆದವರು ನೀವೇ ತಾನೆ? ನಾವೇನು ಕೇಳಿದ್ದೆವೆ? ಮುಂದಿನ ಭಾಗಕ್ಕೆಂದು ಹಳೆಯ ಪಿಕ್ಚರು ಹಾಕಿಕೊಂಡು ಕಾಯುತ್ತಾ ಕುಳಿತೆವು. ಸಂಕ್ರಾಂತಿ ಕಳೆದ ಮೇಲೆ ನಮ್ಮ ಮಿಷನ್ ಆಪರೇಟರ್ ಮಾದಯ್ಯ ಪೋಸ್ಟಾಫೀಸಿಗೆ ಹೋಗಿ ನಿಮಗೆ ಟ್ರಂಕ್ ಕಾಲ್ ಮಾಡಿದ. ವಾಪಸ್ಸು ಬಂದವನ ಮುಖ ಅರಳಿತ್ತು.

“ಸಿಗ್ತು ಕಣವ್ವಾ! ಬಾಕ್ಸು ಆಪೀಸಲ್ಲೇ ಬಿದ್ದದಂತೆ!”

“ಯಾವ ಆಪೀಸಲ್ಲೊ?”

“ಯಾವ್ದು ಅಂತ ಕೇಳೋಕೆ ಮುಂಚೇನೇ ಪೋನು ಮಡಗ್‌ಬುಟ್ರು. ಇನ್ಯಾವ್ದು, ಮದ್ದೂರು ಟೇಸನ್ ಪಾರ್ಸಲ್ ಆಪೀಸೇ ಇರ್ಬೇಕು. ಯಾವಾಗ್ಲೂ ಅಲ್ಲೇ ತಾನೆ ಇಳಿಯದು?”

ಪೆಟ್ಟಿಗೆ ಬಂದು ಬಿದ್ದಿದೆ, ನಾವು ಇಲ್ಲಿ ಕೈಕಟ್ಟಿ ಕುಳಿತಿದ್ದೇವೆ ಎಂದು ನನ್ನ ಹೊಟ್ಟೆ ಉರಿದುಹೋಯಿತು. ಸೊಸೆ ಮಲ್ಲಿಗಮ್ಮ ಆರತಿ ತಟ್ಟೆ ತೊಳೆದಿಟ್ಟಳು. ಸರದಾರನ ಪೆಟ್ಟಿಗೆಗೆ ಆರತಿ ಎತ್ತದೆ ಟೆಂಟಿನ ಒಳಗೆ ತರುವ ಪದ್ಧತಿ ನಮ್ಮಲ್ಲಿಲ್ಲ. ನಾನೂ ಮಾದಯ್ಯನೂ ಬಸ್ಸು ಹತ್ತಿ ಮದ್ದೂರಿಗೆ ಹೋದೆವು. ಪಾರ್ಸಲ್ ಕಚೇರಿಯಲ್ಲಿ ಸಂಪತ್ ಕುಮಾರ ಎಂಬ ಗುಮಾಸ್ತರು ಇದ್ದರು. ನಾಮ ಇಟ್ಟುಕೊಂಡ ಸಾಧು ಮನುಷ್ಯ. ನಮ್ಮ ಮಾತು ಕೇಳಿ ಪಾಪ, ಸೈಕಲ್ಲು, ಕೋಳಿಪಂಜರ, ಬೆಲ್ಲದ ಡಬ್ಬ ಎಲ್ಲ ಸರಿಸಿ ಹುಡುಕಿದರು. ಆಮೇಲೆ ನೆಟ್ಟಗೆ ನಿಂತು ಕೇಳಿದರು.

“ಅಜ್ಜಿ, ಫೋನಿನಲ್ಲಿ ಏನು ಹೇಳಿದರು ಅಂತ ಸರಿಯಾಗಿ ಹೇಳಿ ನೋಡೋಣ.”

ಮಾದಯ್ಯ ಹೇಳಿದ, “ನಿಮ್ಮ ಸರದಾರ ಬಾಕ್ಸಾಪೀಸಲ್ಲಿ ಬಿದ್ದೋಗವ್ನೆ ಅಂದ್ರು, ಸ್ವಾಮಿ.”

ಅವರು ನಗಲಿಲ್ಲ. ಮುಖ ಸಣ್ಣದು ಮಾಡಿಕೊಂಡರು. “ಬಾಕ್ಸ್ ಆಫೀಸು ಅಂದರೆ ಪೆಟ್ಟಿಗೆ ಇಡೋ ಆಫೀಸಲ್ಲ ಅಜ್ಜಿ. ಟಿಕೆಟ್ ಮಾರೋ ಗೂಡು. ಅಲ್ಲಿ ಬಿತ್ತು ಅಂದರೆ ಪಿಕ್ಚರು ಓಡಲಿಲ್ಲ, ಇನ್ನು ಮುಂದಿನದನ್ನು ನಿಮ್ಮ ಕಡೆ ಕಳಿಸಲ್ಲ ಅಂತ ಅರ್ಥ.”

ಮಾದಯ್ಯ ಅಲ್ಲೇ ಕೋಳಿಪಂಜರದ ಪಕ್ಕ ಕುಕ್ಕರಿಸಿದ. ಮ್ಯಾನೇಜರ್ ಸಾಹೇಬರೇ, ಈ ಕತೆ ಓದಿ ನಿಮ್ಮ ಕಚೇರಿಯಲ್ಲಿ ನಗುತ್ತಾರೆಂದು ಗೊತ್ತು. ನಗಲಿ. ಆದರೆ ನನ್ನ ಒಂದು ಅನುಮಾನ ಪರಿಹರಿಸಿ. ಬಾಕ್ಸ್ ಆಫೀಸು ಎಂದರೆ ಟಿಕೆಟ್ ಮಾರುವ ಗೂಡು ಎಂದಾದರೆ, ಆ ಗೂಡು ಇರುವುದು ನಮ್ಮ ಟೆಂಟಿನ ಬಾಗಿಲಲ್ಲಿ. ಅದರೊಳಗೆ ಕೂರುವವರು ನಾವು. ಹಾಗಿರುವಾಗ ಅಲ್ಲಿ ಯಾರು ಬಿದ್ದರು, ಯಾರು ಎದ್ದರು ಎಂಬುದು ನಮ್ಮನ್ನು ಒಂದು ಮಾತೂ ಕೇಳದೆ ಬೆಂಗಳೂರಿನಲ್ಲಿ ಹೇಗೆ ತೀರ್ಮಾನವಾಯಿತು?

ಹೇಗಾಯಿತೆಂದು ನಾನೇ ಹೇಳುತ್ತೇನೆ. ‘ಸೆರೆ’ಯ ಪೆಟ್ಟಿಗೆಯನ್ನು ನೀವು ನಮಗೆ ಕಳಿಸಿದ್ದು ಪಿತೃಪಕ್ಷದಲ್ಲಿ. ನಿಮಗೆ ಅದು ಯಾವುದೋ ಒಂದು ವಾರ. ನಮ್ಮ ಕಡೆ ಒಕ್ಕಲು ಮಕ್ಕಳ ಮನೆಯಲ್ಲಿ ಆ ಹದಿನೈದು ದಿನ ಸತ್ತವರು ಉಣ್ಣಲು ಬರುತ್ತಾರೆ. ಇವತ್ತು ಈ ಮನೆಯಲ್ಲಿ ಎಡೆ, ನಾಳೆ ಆ ಮನೆಯಲ್ಲಿ. ಹೊಸ ಬಟ್ಟೆ ಇಟ್ಟು, ಮಾಂಸದ ಅಡಿಗೆ ಬಡಿಸಿ, ಬಾಗಿಲು ಮುಂದೆ ಮಾಡಿ, ಅವರು ಉಣ್ಣುವವರೆಗೆ ಹೊರಗೆ ಕಾಯಬೇಕು. ನೆಂಟರಿಷ್ಟರು ಬರಬೇಕು, ಹೋಗಬೇಕು. ಸಾಯದೆ ಹಾರಾಡುವವನೊಬ್ಬನನ್ನು ನೋಡಲು, ಸತ್ತು ಮನೆಗೆ ಬಂದ ಅಪ್ಪನನ್ನು ಬಿಟ್ಟು ಯಾವ ಮಗ ಸಿನಿಮಾಕ್ಕೆ ಹೋದಾನು? ಪಿಕ್ಚರು ಓಡುವುದೋ ಇಲ್ಲವೋ ಎಂದು ಲೆಕ್ಕ ನೋಡಲು ನಿಮ್ಮ ಪ್ರತಿನಿಧಿ ಬಂದಿದ್ದೂ ಆಗಲೇ. ನಾವು ಎಡೆ ಇಟ್ಟ ದಿನ ಅವನಿಗೂ ನಮ್ಮ ಮನೆಯಲ್ಲೇ ಊಟ.

“ಏನಜ್ಜಿ, ನಿಮ್ಮೂರಲ್ಲಿ ಜನವೇ ಇಲ್ಲವಲ್ಲ?” ಎಂದ, ಎಲೆಯ ಮುಂದೆ ಕುಳಿತು.

“ಜನ ಎಲ್ಲಾ ಮನೇಲವ್ರೆ ಕಣಪ್ಪ. ಸತ್ತೋರೂ ಮನೇಲೇ ಅವ್ರೆ. ಅಮಾಸೆ ಕಳೀಲಿ ಬುಡು, ಆಮ್ಯಾಕೆ ಬಂದು ನೋಡು.”

“ಸತ್ತವರಿಗೂ ಟಿಕೆಟ್ ಮಾರಿಬಿಡಿ ಹಾಗಾದರೆ,” ಎಂದು ನಕ್ಕು, ಇನ್ನೆರಡು ಸೌಟು ಸಾರು ಹಾಕಿಸಿಕೊಂಡ. ಉಂಡದ್ದು ಅವನಿಗೆ ಮರೆತುಹೋಯಿತು, ಟೆಂಟು ಖಾಲಿ ಇದ್ದದ್ದು ಮಾತ್ರ ನೆನಪಿತ್ತು. ಅಮಾವಾಸ್ಯೆಯ ದಿನ ಬೆಳಿಗ್ಗೆಯೇ, ಕರಾರಿನ ದಿನ ಮುಗಿಯಿತೆಂದು ಪೆಟ್ಟಿಗೆ ಬಸ್ಸಿಗೆ ಹಾಕಿಸಿದ. ಮಾರನೆಯ ಸಂಜೆ ಆತಗೂರಿನ ಕಡೆಯಿಂದ, ಬಸರಾಳಿನಿಂದ ನೆಂಟರ ಮನೆಗೆ ಬಂದವರನ್ನೂ ತುಂಬಿಕೊಂಡು, ಗಾಡಿ ಮೇಲೆ ಗಾಡಿ ಬಂದವು. ಹೊಸ ಸೀರೆ ಉಟ್ಟ ಹೆಂಗಸರು ನನ್ನ ಬಾಗಿಲ ಮುಂದೆ ನಿಂತರು. ಒಳಗೆ ಬಿಳಿ ಪರದೆ ಬಿಟ್ಟು ಏನೂ ಇರಲಿಲ್ಲ. ಆ ಗಾಡಿಗಳನ್ನು ವಾಪಸ್ಸು ತಿರುಗಿಸಿದವಳು ನಾನು. ಅವು ನಿಮ್ಮ ಯಾವ ಲೆಕ್ಕದಲ್ಲಿವೆ?

ಬೆಂಗಳೂರಿನ ಟಾಕೀಸಿನಲ್ಲೂ ‘ಸೆರೆ’ ಬೇಗ ಎದ್ದುಹೋಯಿತು ಎಂದು ನೀವು ಹೇಳಬಹುದು. ಇರಬಹುದು. ಅಲ್ಲಿನವರಿಗೆ ಹಾರುವವರನ್ನು ಕಂಡು ಬೇಸರವಾಗಿರಬಹುದು, ಕೋರ್ಟಿನಲ್ಲಿ ಕಣ್ಣೀರು ಹಾಕುವ ಪಿಕ್ಚರುಗಳೇ ಈಗ ಓಡುತ್ತಿರಬಹುದು. ಮೂರು ಸಲ ಹಾರಿದವನನ್ನು ನಾಲ್ಕನೇ ಸಲ ಯಾರು ನೋಡುತ್ತಾರೆ ಎಂದು ನೀವು ಕೇಳಬಹುದು. ಸ್ವಾಮಿ, ಹಾರುವುದನ್ನು ನೋಡಲು ಯಾರು ಬರುತ್ತಾರೆ? ಅವನು ಒಳಗಿದ್ದಾನೆ. ಹೊರಗೆ ಬಂದನೇ ಎಂದು ನೋಡಲು ಬರುತ್ತಾರೆ. ‘ಸೆರೆ’ಯನ್ನು ಕಣ್ಣಾರೆ ನೋಡಿದವರು ಕೆಲವರೇ. ಕಳೆ ಕೀಳುತ್ತಾ, ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಾ, ಅವರ ಬಾಯಿಂದ ಕೇಳಿದವರು ತಾಲ್ಲೂಕೆಲ್ಲ. ಅವತ್ತು ಮದ್ದೂರಿನಿಂದ ಬರಿಗೈಯಲ್ಲಿ ಬರುವಾಗ ಬಸ್ಸಿನಲ್ಲಿ ಆತಗೂರಿನ ಚಲುವಮ್ಮ ಸಿಕ್ಕಿದಳು. ಸೀಟು ಹಿಡಿಯುವ ಮುಂಚೆಯೇ ಕೂಗಿದಳು.

“ಏನಕ್ಕೋ, ಇನ್ನೂ ಬುಟ್ಟಿಲ್ವಾ ಅವುನ್ನ?”

“ಇಲ್ಲ ಕಣೆ. ಇನ್ನು ಬುಡದೇ ಇಲ್ವಂತೆ.”

“ಅವ್ನ ಅವ್ವ ಬಾಗ್ಲು ಬಡ್ಕೊಂಡೇ ಇರ್ಬೇಕಾ ಅಂಗಾರೆ? ಹಾಳಾಗೋಗ್ಲಿ ಒಳ್ಗಾಕ್ದೋರು!”

ನಮ್ಮ ಹಿಂದೆ ಕುಳಿತಿದ್ದ ಪೊಲೀಸಿನವನು ಮುಂದಕ್ಕೆ ಬಗ್ಗಿದ. “ಯಾವ ಕೇಸು ತಾಯಿ? ಮಂಡ್ಯ ಜೈಲಾ, ಮೈಸೂರಾ?”

“ಬೆಂಗ್ಳೂರು ಕಣಪ್ಪ. ಕೈಗೆ ಕಬ್ಬುಣ ಹಾಕವ್ರೆ,” ಎಂದಳು ಚಲುವಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಂಡು.

“ಒಳ್ಳೆ ವಕೀಲ್ರನ್ನ ಹಿಡೀರಿ,” ಎಂದು ಅವನು ಬುದ್ಧಿ ಹೇಳಿದ. ಆಮೇಲೆ ಮಾದಯ್ಯ ನಿಜ ಹೇಳಿದಾಗ ಬಸ್ಸಿಗೆ ಬಸ್ಸೇ ನಕ್ಕಿತು. ಪೊಲೀಸಿನವನೂ ನಕ್ಕ. ಇಳಿಯುವಾಗ ಮಾತ್ರ ಮೆಲ್ಲಗೆ ಕೇಳಿದ, “ಬಂದ್ರೆ ಯೋಳವ್ವಾ. ನಮ್ಮನೇಲೂ ಕೇಳ್ತಾ ಅವ್ರೆ.” ಮ್ಯಾನೇಜರೇ, ನಿಮ್ಮ ಪಿಕ್ಚರಿನ ಭವಿಷ್ಯ ಏನೆಂದು ತಿಳಿಯಬೇಕಾದರೆ ಲೆಕ್ಕ ಬರೆಯುವವನನ್ನು ಕಳಿಸಬೇಡಿ. ಆ ಬಸ್ಸು ಹತ್ತಿ ಬನ್ನಿ.

ಇನ್ನು ನಗುವ ಮಾತು ಸಾಕು. ಈ ಕಾಗದ ಬರೆಯುತ್ತಿರುವುದು ನಗಿಸಲಿಕ್ಕಲ್ಲ. ಹಳೆಯ ಪಿಕ್ಚರು ಹಾಕಿ ಹಾಕಿ ನಮ್ಮ ಟೆಂಟು ಸೊರಗಿದೆ. ಹೋದ ವಾರ ಮಂಡ್ಯದಿಂದ ಒಬ್ಬ ಬೆಲ್ಲದ ಮಂಡಿಯವನು ಬಂದ. ಲಾರಿಗೆ ತುಂಬಿದ ಬೆಲ್ಲದ ಮೇಲೆ ಹೊದಿಸಲು ಅವನಿಗೆ ಕ್ಯಾನ್ವಾಸು ಬೇಕಂತೆ. ನಾನು ಹೆಂಗಸರ ಬಾಗಿಲಲ್ಲಿ ಕುಳಿತೇ ಇದ್ದೆ. ನನ್ನ ತಲೆಯ ಮೇಲಿನ ಟೆಂಟಿನ ಬಟ್ಟೆಯನ್ನು ಮೊಳ ಹಾಕಿ ಅಳೆದ.

“ಏನ್ ಶಿವಣ್ಣ, ಈ ಪಾಟಿ ತೂತು? ಬಿಸಿಲಿಗಾ?”

ನಾನೇ ಹೇಳಿದೆ, “ಬಿಸ್ಲಿಗಲ್ಲ ಕಣಪ್ಪ. ಸರದಾರನ ಮೊದಲ್ನೇ ಪಿಚ್ಚರಿಗೆ ಒಳಗೆ ಜಾಗ ಸಾಲ್ದೆ ಓಯ್ತು. ಹೊರಗೆ ನಿಂತೋರು ಕುಡ್ಲಲ್ಲಿ ಕುಯ್ಕೊಂಡು ನೋಡಿದ್ದು.”

“ಲಾರಿಗೆ ಹೊದಿಸಿದ್ರೆ ಮಳೆ ಸೋರ್ತದೆ,” ಎಂದು ಅವನು ಮೂಗು ಮುರಿದ. ಆದರೂ ಬೇಡವೆನ್ನಲಿಲ್ಲ. ಶಿವರಾತ್ರಿ ಕಳೆದ ಮಾರನೆಯ ದಿನ ಬಿಚ್ಚಿಸಿಕೊಂಡು ಹೋಗುತ್ತೇನೆ ಎಂದು ಹೇಳಿ ಹೋಗಿದ್ದಾನೆ. ಮಗ ತಲೆಯಾಡಿಸಿದ್ದಾನೆ. ಅವನನ್ನು ನಾನು ಬೈಯಲಾರೆ. ಖಾಲಿ ಪರದೆಯ ಮುಂದೆ ದಿನಾ ಕುಳಿತವನು ಅವನು. ಅವತ್ತಿನಿಂದ ಮಾದಯ್ಯ ಮಿಷನ್ನನ್ನು ಒರೆಸುತ್ತಾನೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾನೆ. ಮಲ್ಲಿಗಮ್ಮ ತೊಳೆದಿಟ್ಟ ಆರತಿ ತಟ್ಟೆ ಹಾಗೇ ಇದೆ. ಎತ್ತಿಡು ಎನ್ನಲು ನನಗೆ ಬಾಯಿ ಬರುವುದಿಲ್ಲ, ಎತ್ತಿಡಲು ಅವಳಿಗೆ ಕೈ ಬರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಶಿವರಾತ್ರಿಯ ಜಾಗರಣೆಗೆ, ಊರಿಗೆ ಊರೇ ಎದ್ದಿರುವ ದಿನಕ್ಕೆ, ‘ಸರದಾರನ ಬಿಡುಗಡೆ’ಯ ಪೆಟ್ಟಿಗೆ ನಮಗೆ ಕಳಿಸಿಕೊಡಿ. ನಿಮ್ಮ ಪ್ರತಿನಿಧಿಯನ್ನೂ ಕಳಿಸಿ. ಅವತ್ತು ನಮ್ಮಲ್ಲಿ ಉಪವಾಸ, ಊಟ ಸಿಗುವುದಿಲ್ಲ, ಕಣ್ಣು ಬಿಟ್ಟುಕೊಂಡು ಜನರನ್ನು ಎಣಿಸಲಿ. ಅವನು ಬೀಳುತ್ತಾನೆ ಎನ್ನುವುದಾದರೆ ಎದ್ದಿರುವ ಜನರ ಮುಂದೆ ಬೀಳಲಿ, ನಾನೇ ನನ್ನ ಕೈಯಾರೆ ಟೆಂಟಿನ ಗೂಟ ಕೀಳುತ್ತೇನೆ. ನಿಮ್ಮನ್ನು ಮತ್ತೆ ಒಂದು ಮಾತು ಕೇಳುವುದಿಲ್ಲ. ಆದರೆ ಯಾರೂ ನೋಡದ ಜಾಗದಲ್ಲಿ, ಗೋಡೌನಿನ ಕತ್ತಲಲ್ಲಿ, ಕೈಗೆ ಕಬ್ಬಿಣ ತೊಡಿಸಿದಂತೆಯೇ ಅವನನ್ನು ಬೀಳಿಸಬೇಡಿ. ಬಾಗಿಲು ಬಡಿಯುವ ತಾಯಿ ಪಿಕ್ಚರಿನಲ್ಲಿ ಒಬ್ಬಳೇ ಇದ್ದಳು. ಈಗ ಇಲ್ಲಿ ನಾನೂ ಒಬ್ಬಳು ಬಡಿಯುತ್ತಿದ್ದೇನೆ.

ಬಿಟ್ಟುಬಿಡಿ ಅವನನ್ನು.

ಇಂತಿ, ಶಿವರಾತ್ರಿಯವರೆಗೆ ಮಾತ್ರ ಈ ವಿಳಾಸದಲ್ಲಿ ಸಿಗುವ,
ಹೊಂಬಾಳಮ್ಮ
ಬಾಕ್ಸ್ ಆಫೀಸು, ಹೆಂಗಸರ ಬಾಗಿಲು
ಮದ್ದೂರು ರಸ್ತೆ, ಮಳವಳ್ಳಿ
ಫೆಬ್ರುವರಿ 1978