ನೂಲುವವರ ಮನೆ ಉಳಿಯಿತು

ಮಾರ್ಚ್ ೯, ಭಾನುವಾರ

ನನ್ನ ಮುದ್ದು ಗುಬ್ಬಿ,

ನಿನ್ನ ಅತ್ತೆ ಚೆನ್ನಾಗಿದ್ದಾಳೆ. ಎರಡು ಕಾಗದ ಬರೆದರೂ ಉತ್ತರವಿಲ್ಲ ಅಂತ ಮುನಿಸಿಕೊಂಡಿರುತ್ತೀಯ. ನಿನ್ನ ಮೂಗಿನ ತುದಿ ಕೆಂಪಾಗಿರೋದು ಇಲ್ಲಿಗೇ ಕಾಣುತ್ತೆ. ತೀರ್ಪು ಬರಲಿ ಅಂತ ಕಾದಿದ್ದೆ ಕಣೇ. ಬಂತು. ಗೆದ್ದೆವು!

ನೀನು ಕೆಲಸ ಮಾಡುವ ಇಂಗ್ಲಿಷ್ ನಿಘಂಟಿನಿಂದ ಕಳಿಸಿದ ಪುಟಗಳನ್ನು ನಮ್ಮ ವಕೀಲಮ್ಮ ಕೋರ್ಟಿನಲ್ಲಿ ಓದಿದ್ದನ್ನು ನೀನು ನೋಡಬೇಕಿತ್ತು. ನಾವಿರುವ ಈ ಮನೆಯನ್ನು ಹಿಂದೆ ದಾನ ಕೊಟ್ಟವರ ವಂಶದವನ ವಕೀಲರು ಮೊದಲು ಎದ್ದರು. "ದಾನಪತ್ರದಲ್ಲಿ ಈ ಮನೆ ಸ್ಪಿನ್‌ಸ್ಟರ್‌ಗಳಿಗೆ ಅಂತಿದೆ. ಹಾಗಂದ್ರೆ ಮದುವೆಯಾಗದ ಹೆಂಗಸು. ಯಾವ ನಿಘಂಟಾದ್ರೂ ತೆಗೆದು ನೋಡಿ. ಈ ಮನೆಯಲ್ಲಿರೋರು ಹೆಚ್ಚುಕಡಿಮೆ ಎಲ್ಲ ಗಂಡ ಮಕ್ಕಳು ಇರೋರು, ಇಲ್ಲ ವಿಧವೆಯರು. ಖಾಲಿ ಮಾಡಿಸಿ," ಅಂದರು. ನನ್ನ ಪಕ್ಕದ ಕೋಣೆಯ ಉದ್ದಜಡೆಯವಳು ಮಗುವನ್ನು ಇನ್ನಷ್ಟು ಅವುಚಿಕೊಂಡಳು. ಗಂಡ ಸತ್ತ ಮೇಲೆ ಅವಳಿಗಿರೋದು ಆ ಒಂದು ಕೋಣೆ, ಒಂದು ರಾಟೆ.

ವಕೀಲಮ್ಮ ನಿಧಾನವಾಗಿ ಎದ್ದಳು. "ಇವರು ತೋರಿಸ್ತಿರೋದು ಈಗಿನ ನಿಘಂಟು. ಪತ್ರ ಬರೆದವರು ಈಗಿನವರಲ್ಲ. ಪದದ ಹುಟ್ಟಿನಿಂದ ಇವತ್ತಿನವರೆಗೆ, ಯಾವ ಕಾಲದಲ್ಲಿ ಜನ ಅದನ್ನ ಹೇಗೆ ಬಳಸಿದ್ರು ಅಂತ ಕಾಲಕ್ರಮದಲ್ಲಿ ಜೋಡಿಸಿದ ನಿಘಂಟು ಇಲ್ಲಿದೆ," ಅಂತ ಓದತೊಡಗಿದಳು. ಸ್ಪಿನ್‌ಸ್ಟರ್ ಪದ ಬಳಸಿದ ನೂರಾರು ವರ್ಷದ ಹಿಂದಿನ ಸಾಲುಗಳು. ಒಂದರ ಹಿಂದೆ ಒಂದು, ನೂಲುವವಳು, ನೂಲುವವಳು, ನೂಲುವವಳು. ಉದ್ದಜಡೆಯವಳು ನನ್ನ ಕಿವಿಯಲ್ಲಿ, "ಅಕ್ಕಾ, ಸತ್ತುಹೋದವರೆಲ್ಲ ಎದ್ದು ಬಂದು ನಮ್ಮ ಪರ ಸಾಕ್ಷಿ ಹೇಳಿದ ಹಾಗಿದೆ" ಅಂದಳು.

ನ್ಯಾಯಾಧೀಶರು ಸುಲಭಕ್ಕೆ ಬಗ್ಗುವವರಲ್ಲ. "ಇದೇ ಪುಟದಲ್ಲಿ ಮದುವೆಯಾಗದವಳು ಅನ್ನೋ ಅರ್ಥವೂ ಆ ಕಾಲಕ್ಕೇ ಇತ್ತು ಅಂತಿದೆಯಲ್ಲ?" ಅಂದರು. ವಕೀಲಮ್ಮ ಅಳುಕಲಿಲ್ಲ. "ಇತ್ತು ಸ್ವಾಮಿ. ನಮಗೆ ಅನುಕೂಲವಿಲ್ಲ ಅಂತ ನಿಘಂಟು ಅದನ್ನ ಮುಚ್ಚಿಟ್ಟಿಲ್ಲ. ಅದಕ್ಕೇ ಅದನ್ನ ನಂಬಬಹುದು. ಈಗ ದಾನಪತ್ರದ ಮುಂದಿನ ಸಾಲು ನೋಡಿ. ಪ್ರತಿಯೊಬ್ಬಳಿಗೂ ಒಂದು ರಾಟೆ, ವರ್ಷಕ್ಕೆ ಬೇಕಾದಷ್ಟು ಉಣ್ಣೆ ಕೊಡಬೇಕು ಅಂತಿದೆ. ಮದುವೆಯಾಗದ ತಪ್ಪಿಗೆ ಯಾರಾದ್ರೂ ರಾಟೆ ಕೊಡ್ತಾರಾ?"

ನ್ಯಾಯಾಧೀಶರೇ ನಕ್ಕುಬಿಟ್ಟರು. ಮನೆ ನೂಲುವವರದು, ಮದುವೆಯ ಮಾತೇ ಬರೋದಿಲ್ಲ ಅಂತ ತೀರ್ಪಾಯಿತು.

ಹೊರಗೆ ಬಂದಾಗ ನಿನ್ನಪ್ಪ ಮೆಟ್ಟಿಲ ಮೇಲೆ ನಿಂತಿದ್ದ. "ಹಳೇ ಇಂಗ್ಲಿಷ್ ಪದಗಳ ಜಾತಕ ಬರೆಯೋದೂ ಒಂದು ಕೆಲಸವಾ?" ಅಂತ ನಿನ್ನನ್ನು ಗೇಲಿ ಮಾಡುತ್ತಿದ್ದ ಅಣ್ಣ ಇವನೇನಾ ಅನ್ನಿಸಿತು. ಎದುರು ಪಕ್ಷದ ವಕೀಲರನ್ನೇ ತಡೆದು, "ಆ ನಿಘಂಟು ನನ್ನ ಮಗಳದು ಸಾರ್" ಅಂತಿದ್ದ! ಇಡೀ ನಿಘಂಟೇ ನಿನ್ನದು ಅಂತ ಅವನು ತಿಳಿದಂತಿದೆ. ನಾನೂ ತಿದ್ದಲಿಲ್ಲ. ಕ್ಷೌರದಂಗಡಿಯವನಿಂದ ಹಿಡಿದು ಪೋಸ್ಟ್‌ಮನ್‌ವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿದೆ.

ಎಂದೋ ಯಾರೋ ಆಡಿದ ಮಾತನ್ನು ಬಿಸಾಡದೆ ಎತ್ತಿಡುವವರಿದ್ದಾರಲ್ಲ, ಅವರಲ್ಲಿ ನಮ್ಮ ಮನೆಯ ಹುಡುಗಿಯೂ ಒಬ್ಬಳು. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ ಕಣೇ. ಕಣ್ಣು ಜೋಪಾನ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ವಿದ್ಯೆ ಹೀಗೇ ನಾಲ್ಕು ಜನರಿಗೆ ನೆರಳಾಗಲಿ, ನೂರು ಕಾಲ ಬಾಳು.

ನಿನ್ನ
ಅತ್ತೆ

ತಾ.ಕ.: ಬೇರೆಯವರ ಬಾಯಿಂದ ಕೇಳುವ ಬದಲು ನಾನೇ ಹೇಳಿಬಿಡುತ್ತೇನೆ. ನೂಲುವುದನ್ನು ನಿಲ್ಲಿಸಿದವರಿಗೆ ಮನೆಯಲ್ಲಿ ಹಕ್ಕಿಲ್ಲ ಅಂತಲೂ ತೀರ್ಪಿನಲ್ಲಿದೆ. ಹೋದ ವರ್ಷದಿಂದ ನನ್ನ ಬೆರಳು ಮಡಚುವುದಿಲ್ಲ, ಎಳೆ ಹಿಡಿಯಲಾರೆ. ಎದುರು ಪಕ್ಷದವರು ಹೇಳಿದ ಅರ್ಥವೇ ಗೆದ್ದಿದ್ದರೆ ಇಡೀ ಮನೆಯಲ್ಲಿ ಉಳಿಯುತ್ತಿದ್ದವಳು ಮದುವೆಯಾಗದ ನಾನೊಬ್ಬಳೇ. ವಕೀಲಮ್ಮ ಮೊದಲೇ ಎಚ್ಚರಿಸಿದ್ದಳು. ತಿಳಿದೇ ನಿನಗೆ ಪುಟ ಕಳಿಸು ಅಂತ ಬರೆದೆ. ನೀನು ಅಳಬೇಡ, ನಿನ್ನ ಕೆಲಸ ನೀನು ಸರಿಯಾಗಿ ಮಾಡಿದೆ. ಆದರೂ ಇಷ್ಟು ವರ್ಷದ ಕೋಣೆ, ಬಿಡೋಕೆ ಕರುಳು ಹಿಂಡುತ್ತೆ, ಸುಳ್ಳು ಹೇಳಲಾರೆ. ತಿಂಗಳ ಕೊನೆಗೆ ನಿನ್ನಪ್ಪನ ಮನೆಗೆ ಹೋಗುತ್ತೇನೆ. ಅಣ್ಣನ ಮೇಲೆ ಆಸೆಯಾಗಿ ತಂಗಿ ಬರುತ್ತಿದ್ದಾಳೆ ಅಂದುಕೊಂಡು ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾನೆ. ಹಾಗೇ ಅಂದುಕೊಂಡಿರಲಿ, ನೀನೇನೂ ಹೇಳಬೇಡ.